ಮಲೆನಾಡಿನ ಮನೆಗೆ ಯಾವ ಟ್ಯಾಬ್?

ಮೇ ಕೊನೆ ವಾರ ಬಂತೆಂದರೆ ನನ್ನ ಫೋನಿಗೆ ನೆಂಟರ ಕರೆಗಳು ಶುರುವಾಗುತ್ತವೆ. "ಮಗಳು ಪಿಯುಸಿಗೆ ಸೇರ್ತಾಳೆ, ಒಂದು ಟ್ಯಾಬ್ ತೆಗೆಯೋಣ ಅಂತ. ಯಾವುದು ಒಳ್ಳೇದು ಮಾರಾಯ?" ನಾನು ಮೊದಲು ತಿರುಗಿ ಕೇಳುವುದು ಇಷ್ಟು: "ನಿಮ್ಮನೇಲಿ ಕರೆಂಟು ಹೋದ್ರೆ ಎಷ್ಟು ಹೊತ್ತಿಗೆ ಬರುತ್ತೆ?" ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿರುವುದಿಲ್ಲ. ಟ್ಯಾಬಿಗೂ ಕರೆಂಟಿಗೂ ಏನು ಸಂಬಂಧ ಅನಿಸುತ್ತದೆ.

ತುಂಬಾ ಸಂಬಂಧ ಇದೆ. ಟ್ಯಾಬ್ ಹೋಲಿಕೆಯ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ಅವನ್ನು ಮಾಡುವವರ ಮನೆಯಲ್ಲಿ ವೈಫೈ ಹೋಗುವುದಿಲ್ಲ, ಕರೆಂಟು ಹೋದರೆ ಲಿಫ್ಟಿಗೂ ಜನರೇಟರ್ ಇರುತ್ತದೆ, ಮಳೆ ಕಿಟಕಿಯ ಆಚೆ ಇರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆ ಇರುವವರಿಗೆ ಆ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಗೆದ್ದ ಟ್ಯಾಬ್ ಇಲ್ಲಿ ಸೋಲಬಹುದು, ಅಲ್ಲಿ ಸೋತದ್ದು ಇಲ್ಲಿ ಚೆನ್ನಾಗಿ ಬಾಳಬಹುದು.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. 2021ರಲ್ಲಿ ಅಮ್ಮನಿಗೆಂದು ಆನ್‌ಲೈನ್‌ನಲ್ಲಿ ಅಗ್ಗದ ಟ್ಯಾಬ್ ಒಂದನ್ನು ತರಿಸಿದ್ದೆ. 2 ಜಿಬಿ ರ್‍ಯಾಮ್. ಫೋಟೋದಲ್ಲಿ ಚೆಂದವಾಗಿತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಬ್ಯಾಟರಿ ಉಬ್ಬಿ ಪರದೆ ಒಂದು ಮೂಲೆಯಲ್ಲಿ ಎದ್ದು ನಿಂತಿತು. ಸರ್ವಿಸ್ ಸೆಂಟರ್ ಹುಡುಕಿದರೆ ಇಡೀ ಜಿಲ್ಲೆಯಲ್ಲಿ ಒಂದೂ ಇರಲಿಲ್ಲ. ಅವತ್ತಿನಿಂದ ಯಾರಿಗೇ ಟ್ಯಾಬ್ ಆರಿಸಿದರೂ ಕೆಳಗಿನ ಕ್ರಮದಲ್ಲೇ ನೋಡುತ್ತೇನೆ.

ಹೆಜ್ಜೆ 1: ಯಾರ ಕೈಗೆ ಹೋಗುತ್ತದೆ, ಬರೆದುಕೊಳ್ಳಿ

ಒಂದು ಹಾಳೆ ತಗೊಳ್ಳಿ. ಟ್ಯಾಬ್ ಯಾರ್‍ಯಾರು ಹಿಡಿಯುತ್ತಾರೆ, ಏನೇನು ಮಾಡುತ್ತಾರೆ ಅಂತ ಬರೆಯಿರಿ. ನಮ್ಮ ಮನೆಯ ಹಾಳೆಯಲ್ಲಿ ಹೀಗಿತ್ತು: ಅಮ್ಮ ಯಕ್ಷಗಾನ ನೋಡುತ್ತಾರೆ, ಬೆಂಗಳೂರಿನ ಅಕ್ಕನಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಅಪ್ಪ ಅಡಿಕೆ ಧಾರಣೆ, ಪಹಣಿ ನೋಡುತ್ತಾರೆ, ಬೆಳೆ ಸಮೀಕ್ಷೆ ಬಂದಾಗ ತೋಟದಲ್ಲಿ ಫೋಟೋ ತೆಗೆಯುತ್ತಾರೆ. ಅಣ್ಣನ ಮಗನಿಗೆ ಓದು, ನೋಟ್ಸ್.

ಬರೆದು ನೋಡಿದಾಗ ಗೊತ್ತಾಯಿತು, ಇದು ಮೂರು ಬೇರೆ ಬೇರೆ ಟ್ಯಾಬಿನ ಕೆಲಸ. ಅಮ್ಮನಿಗೆ ಬೇಕಿರುವುದು ದೊಡ್ಡ ಪರದೆ, ಜೋರು ಸ್ಪೀಕರ್. ಅಪ್ಪನಿಗೆ ಸಿಮ್ ಮತ್ತು ಜಿಪಿಎಸ್. ಹುಡುಗನಿಗೆ ಪೆನ್ನು. ಎಲ್ಲವೂ ಒಂದರಲ್ಲೇ ಬೇಕೆಂದರೆ ದುಡ್ಡು ಜಾಸ್ತಿ ಆಗುತ್ತದೆ. ಹಾಗಾಗಿ ಯಾರ ಕೆಲಸ ಮುಖ್ಯ ಅಂತ ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಅಂಗಡಿಗೆ ಹೋಗಿ.

ಒಂದೇ ಟ್ಯಾಬನ್ನು ಮನೆಮಂದಿಯೆಲ್ಲ ಬಳಸುವುದಾದರೆ ಇನ್ನೊಂದು ವಿಷಯ. ಸ್ಯಾಮ್‌ಸಂಗ್ ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಬಳಕೆದಾರ ಖಾತೆ ಮಾಡಬಹುದು. ಅಪ್ಪನ ಬ್ಯಾಂಕ್ ಆ್ಯಪ್ ಒಂದು ಕಡೆ, ಮಗುವಿನ ಆಟ ಇನ್ನೊಂದು ಕಡೆ. ಮನೆ ಬಳಕೆಯ ಐಪ್ಯಾಡಿನಲ್ಲಿ ಈ ಅನುಕೂಲ ಇಲ್ಲ. ಆ್ಯಪಲ್ ಅದನ್ನು ಒಬ್ಬರ ವಸ್ತು ಅಂತಲೇ ಮಾಡಿದೆ. ಕೂಡು ಕುಟುಂಬಕ್ಕೆ ಇದು ಸಣ್ಣ ಕೊರತೆ ಅಲ್ಲ.

ಹೆಜ್ಜೆ 2: ಕರೆಂಟಿನ ಲೆಕ್ಕ ಹಾಕಿ

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಒಂದು ಮರ ಲೈನಿನ ಮೇಲೆ ಬಿದ್ದರೆ ಒಂದು ದಿನ, ಕಂಬ ಮುರಿದರೆ ಎರಡು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕರೆಂಟು ಇರುವುದಿಲ್ಲ. ಲೈನ್‌ಮನ್‌ಗಳು ಜಡಿಮಳೆಯಲ್ಲೂ ಕಂಬ ಹತ್ತುತ್ತಾರೆ, ಅವರ ತಪ್ಪೇನಲ್ಲ. ಆದರೆ ಟ್ಯಾಬ್ ಆರಿಸುವಾಗ ಎರಡು ಸಂಖ್ಯೆ ನೋಡಲೇಬೇಕು: ಬ್ಯಾಟರಿ ಎಷ್ಟು ದೊಡ್ಡದು, ಎಷ್ಟು ಬೇಗ ತುಂಬುತ್ತದೆ.

ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ನನ್ನ ಪ್ರಕಾರ ನಮಗೆ ಎರಡನೆಯದೇ ಮುಖ್ಯ. ಮಧ್ಯಾಹ್ನ ಕರೆಂಟು ಬಂದು ಒಂದೂವರೆ ಗಂಟೆ ಇದ್ದು ಮತ್ತೆ ಹೋಗುತ್ತದೆ ಅಂದುಕೊಳ್ಳಿ. ರೆಡ್ಮಿ ಪ್ಯಾಡ್ ಎಸ್‌ಇಯಲ್ಲಿ 8,000 ಎಂಎಎಚ್ ಬ್ಯಾಟರಿ ಇದೆ, ಆದರೆ ಚಾರ್ಜ್ ಆಗುವುದು 10 ವ್ಯಾಟ್‌ನಲ್ಲಿ. ಅದು ತುಂಬಲು ಕಾಗದದ ಲೆಕ್ಕದಲ್ಲೇ ಮೂರು ಗಂಟೆಯ ಮೇಲೆ ಬೇಕು, ನಿಜದಲ್ಲಿ ಇನ್ನೂ ಜಾಸ್ತಿ. ಒನ್‌ಪ್ಲಸ್ ಪ್ಯಾಡ್ ಗೋ ಬ್ಯಾಟರಿಯೂ 8,000 ಎಂಎಎಚ್. ಅದು 33 ವ್ಯಾಟ್ ತೆಗೆದುಕೊಳ್ಳುತ್ತದೆ, ಆ ಒಂದೂವರೆ ಗಂಟೆಯಲ್ಲೇ ಬಹುಪಾಲು ತುಂಬಿರುತ್ತದೆ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್‌ನಲ್ಲಿ 7,040 ಎಂಎಎಚ್, 15 ವ್ಯಾಟ್. 2025ರ ರೆಡ್ಮಿ ಪ್ಯಾಡ್ 2ರಲ್ಲಿ 9,000 ಎಂಎಎಚ್, 18 ವ್ಯಾಟ್. ಬ್ಯಾಟರಿ ದೊಡ್ಡದಿದ್ದು ಚಾರ್ಜಿಂಗ್ ನಿಧಾನವಿದ್ದರೆ ಅದು ದೊಡ್ಡ ಹಂಡೆಗೆ ಸಣ್ಣ ನಲ್ಲಿ ಬಿಟ್ಟ ಹಾಗೆ.

ಪವರ್ ಬ್ಯಾಂಕ್ ಇದೆಯಲ್ಲ ಅಂತ ಕೇಳಬಹುದು. 10,000 ಎಂಎಎಚ್ ಪವರ್ ಬ್ಯಾಂಕಿನ ಶಕ್ತಿ ಸುಮಾರು 37 ವ್ಯಾಟ್-ಅವರ್. ಅದರಲ್ಲಿ ಮೂರನೇ ಒಂದು ಭಾಗದಷ್ಟು ಶಾಖವಾಗಿ, ವೋಲ್ಟೇಜ್ ಬದಲಾಗುವಾಗ ಕಳೆದುಹೋಗುತ್ತದೆ. ಮಾಮೂಲಿ ಐಪ್ಯಾಡಿನ ಬ್ಯಾಟರಿ ಸುಮಾರು 29 ವ್ಯಾಟ್-ಅವರ್. ಅಂದರೆ ಫೋನನ್ನು ತುಂಬಿಸಿಯೂ ಮಿಕ್ಕುವ ಪವರ್ ಬ್ಯಾಂಕ್ ಟ್ಯಾಬಿಗೆ ಒಂದು ಸಲಕ್ಕೂ ಪೂರ್ತಿ ಸಾಕಾಗುವುದಿಲ್ಲ. ತಗೊಳ್ಳುವುದಾದರೆ 20,000ದ್ದೇ ತಗೊಳ್ಳಿ. ವೈಫೈ ರೂಟರಿಗೆ ಬೇರೆ ಸಣ್ಣ ಯುಪಿಎಸ್ ಸಿಗುತ್ತದೆ, 12 ವೋಲ್ಟಿನದ್ದು. ಅದೂ ಇರಲಿ. ಟ್ಯಾಬ್ ತುಂಬಿದ್ದು ರೂಟರ್ ಸತ್ತಿದ್ದರೆ ಕ್ಲಾಸ್ ಕೇಳುವುದು ಹೇಗೆ?

ಗುಡುಗು ಶುರುವಾದ ತಕ್ಷಣ ಚಾರ್ಜರ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆಗಾಲದ್ದಕ್ಕಿಂತ ಕೆಟ್ಟದ್ದು.

ಹೆಜ್ಜೆ 3: ಸಿಗ್ನಲ್, ಸಿಮ್, ಜಿಪಿಎಸ್

ವೈಫೈ ಟ್ಯಾಬ್ ತಗೊಳ್ಳಬೇಕೋ ಸಿಮ್ ಹಾಕುವ ಟ್ಯಾಬೋ? ಶಿವಮೊಗ್ಗ ಪೇಟೆಯಲ್ಲಿದ್ದರೆ ವೈಫೈ ಸಾಕು, ಫೋನಿನ ಹಾಟ್‌ಸ್ಪಾಟ್ ಇದ್ದೇ ಇದೆ. ಹಳ್ಳಿ ಮನೆಗೆ ನಾನು ಸಿಮ್ ಇರುವುದನ್ನೇ ಹೇಳುತ್ತೇನೆ. ಕಾರಣ ಇಷ್ಟೇ. ನಮ್ಮಲ್ಲಿ ಒಂದು ನೆಟ್‌ವರ್ಕ್ ಅಂಗಳದಲ್ಲಿ ಸಿಗುತ್ತದೆ, ಇನ್ನೊಂದು ಮಹಡಿ ಮೆಟ್ಟಿಲ ಹತ್ತಿರ ಮಾತ್ರ. ಫೋನಿನಲ್ಲಿ ಒಂದು, ಟ್ಯಾಬಿನಲ್ಲಿ ಇನ್ನೊಂದು ಕಂಪನಿಯ ಸಿಮ್ ಹಾಕಿಟ್ಟರೆ ಒಂದಲ್ಲ ಒಂದು ಕೆಲಸ ಮಾಡುತ್ತದೆ.

ಸಿಮ್ ಟ್ಯಾಬ್ ತಗೊಳ್ಳುವವರು ಬ್ಯಾಂಡ್ ಪಟ್ಟಿ, ಅಂದರೆ ಅದು ಯಾವ ಯಾವ ಆವರ್ತನದ ಸಿಗ್ನಲ್ ಹಿಡಿಯುತ್ತದೆ ಅನ್ನುವ ಪಟ್ಟಿ ನೋಡಬೇಕು. ಬಿಎಸ್‌ಎನ್‌ಎಲ್ 4ಜಿ 700 ಮೆಗಾಹರ್ಟ್ಜ್ ಮತ್ತು 2100 ಮೆಗಾಹರ್ಟ್ಜ್‌ನಲ್ಲಿ ಬರುತ್ತದೆ. 700 ಅಂದರೆ ಬ್ಯಾಂಡ್ 28. ಕಡಿಮೆ ಆವರ್ತನದ ಅಲೆ ದೂರ ಹೋಗುತ್ತದೆ, ಗೋಡೆ, ಮರ ದಾಟಿ ಬರುವುದರಲ್ಲೂ ವಾಸಿ. ಗುಡ್ಡದ ಮರೆಯ ಮನೆಗೆ ಅದೇ ಬೇಕು. ಟ್ಯಾಬಿನಲ್ಲಿ ಬ್ಯಾಂಡ್ 28 ಇಲ್ಲದಿದ್ದರೆ ಟವರ್ ಪಕ್ಕದ ಗುಡ್ಡದಲ್ಲೇ ಇದ್ದರೂ ಆ ಸಿಗ್ನಲ್ ನಿಮಗೆ ಸಿಗುವುದಿಲ್ಲ. ಅಂಗಡಿಯವರಿಗೆ ಇದು ಗೊತ್ತಿರುವುದು ಕಡಿಮೆ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲಿನ ಪುಟ ತೆಗೆದು ನೀವೇ ನೋಡಿ.

ಐಪ್ಯಾಡಿನ ಸಿಮ್ ಮಾಡೆಲಿನ ಬಗ್ಗೆ ಮೂರು ಮಾತು ಮೊದಲೇ ತಿಳಿದಿರಲಿ. ಒಂದು, ಅದರಿಂದ ಮಾಮೂಲಿ ಫೋನ್ ಕರೆ ಮಾಡಲು ಬರುವುದಿಲ್ಲ. ಎರಡು, ಸಿಮ್ಮಿಗೆ ಬರುವ ಒಟಿಪಿ ಮೆಸೇಜ್ ಅದರಲ್ಲಿ ಓದಲು ಆಗುವುದಿಲ್ಲ. ಮೂರು, 2025ರಲ್ಲಿ ಬಂದ ಎ16 ಚಿಪ್ಪಿನ ಐಪ್ಯಾಡಿನಲ್ಲಿ ಪ್ಲಾಸ್ಟಿಕ್ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಒಂದು ನೆಟ್‌ವರ್ಕ್ ಕೈಕೊಟ್ಟ ದಿನ ಪಕ್ಕದ ಮನೆಯ ಸಿಮ್ ಹಾಕಿ ಕೆಲಸ ಮುಗಿಸುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ 5ಜಿಯಲ್ಲಿ ಫೋನಿನ ಹಾಗೆಯೇ ಕರೆ ಮಾಡಬಹುದು, ಮೆಸೇಜೂ ಬರುತ್ತದೆ.

ಈಗ ಜಿಪಿಎಸ್. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ, ನಮ್ಮ ಚಿಕ್ಕಪ್ಪನೂ ಹೋದರು. ಅವರು ವೈಫೈ ಐಪ್ಯಾಡ್ ತಗೊಂಡು ತೋಟದ ಗಡಿಗೆ ಹೋಗಿ ನಿಂತರು. ನಿಂತ ಜಾಗದ ಸರ್ವೆ ನಂಬರ್ ನೋಡಬೇಕಿತ್ತು. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ಅದೇ ಕೆಲಸಕ್ಕೆ ದೊಡ್ಡ ಪರದೆ ಇರಲಿ ಅಂತ ಅವರ ಆಸೆ. ಆದರೆ ಐಪ್ಯಾಡಿನ ನಕ್ಷೆಯಲ್ಲಿ ಅವರು ನಿಂತ ಜಾಗ ಬರಲೇ ಇಲ್ಲ. ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಚಿಪ್ ಇರುವುದೇ ಇಲ್ಲ. ಅಕ್ಕಪಕ್ಕದ ವೈಫೈ ನೋಡಿ ಜಾಗ ಊಹಿಸುತ್ತದೆ. ಅಡಿಕೆ ತೋಟದ ನಡುವೆ ಯಾರ ವೈಫೈ ಇರುತ್ತದೆ? ಶಓಮಿ ಪ್ಯಾಡ್ 6ರಲ್ಲೂ ಜಿಪಿಎಸ್ ಇಲ್ಲ. ಸ್ಯಾಮ್‌ಸಂಗ್ ತನ್ನ ಟ್ಯಾಬ್ ಎ9 ಪ್ಲಸ್‌ನ ವೈಫೈ ಮಾಡೆಲಿಗೂ ಜಿಪಿಎಸ್ ಕೊಟ್ಟಿದೆ.

ಬೆಳೆ ಸಮೀಕ್ಷೆ, ಸರ್ವೆ ನಂಬರ್, ಜಮೀನಿನ ಫೋಟೋ ಇವೆಲ್ಲ ನಿಮ್ಮ ಹಾಳೆಯಲ್ಲಿ ಇದ್ದರೆ ಜಿಪಿಎಸ್ ಇಲ್ಲದ ಟ್ಯಾಬನ್ನು ಪಟ್ಟಿಯಿಂದ ಹೊಡೆದುಹಾಕಿ. ಪರೀಕ್ಷೆ ಮಾಡುವುದು ಸುಲಭ. ಅಂಗಡಿಯಲ್ಲಿ ವೈಫೈ ಆಫ್ ಮಾಡಿ, ಟ್ಯಾಬನ್ನು ಹೊರಗೆ ರಸ್ತೆಗೆ ತಂದು, ಮ್ಯಾಪ್ ತೆರೆಯಿರಿ. ಎರಡು ನಿಮಿಷದಲ್ಲಿ ನೀಲಿ ಚುಕ್ಕೆ ನೀವು ನಿಂತಲ್ಲಿಗೆ ಬರಬೇಕು.

ಹೆಜ್ಜೆ 4: ಒದ್ದೆ ಕೈ, ಚೊಗರು

ನಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುವಾಗ ಟ್ಯಾಬ್ ಒಂದು ಹೆಡಿಗೆಗೆ ಒರಗಿ ನಿಂತಿರುತ್ತದೆ. ಯಕ್ಷಗಾನ ನಡೆಯುತ್ತಿರುತ್ತದೆ. ನಡುವೆ ಜಾಹೀರಾತು ಬಂದಾಗ ಯಾರಾದರೂ ಕೈ ಚಾಚಿ ದಾಟಿಸಬೇಕು. ಆ ಬೆರಳಿಗೆ ಹಸಿ ಅಡಿಕೆಯ ಚೊಗರು ಹತ್ತಿರುತ್ತದೆ. ಗಾಜಿನ ಮೇಲೆ ಮೊದಲು ಅದು ಬರೀ ಅಂಟಾಗಿ ಕಾಣುತ್ತದೆ. ಬೆಳಿಗ್ಗೆ ನೋಡಿದರೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು, ಪ್ರತಿ ಗೆರೆಯೂ ಸ್ಪಷ್ಟ. ಒಣಗಿದ ಮೇಲೆ ಉಜ್ಜಬೇಡಿ. ಮೆತ್ತಗಿನ ಬಟ್ಟೆಯನ್ನು ಸ್ವಲ್ಪ ಒದ್ದೆ ಮಾಡಿ ಗುರುತಿನ ಮೇಲೆ ಒಂದು ನಿಮಿಷ ಇಟ್ಟು ಒರೆಸಿದರೆ ಹೋಗುತ್ತದೆ. ಮುಂಚೆಯೇ ಒಂದು ಗಾರ್ಡ್ ಅಂಟಿಸಿದ್ದರೆ ಇನ್ನೂ ಒಳ್ಳೆಯದು, ಕಲೆ ಕೂತರೂ ಗಾರ್ಡ್ ಬದಲಾಯಿಸಿದರಾಯಿತು.

ಆಷಾಢದ ಮಳೆಯಲ್ಲಿ ಹೊರಗಿನಿಂದ ಬಂದವರ ಬೆರಳ ತುದಿ ಎಷ್ಟು ಒರೆಸಿದರೂ ತೇವವೇ. ಪರದೆಗಳು ಬೆರಳನ್ನು ಗುರುತಿಸುವುದು ಮೈಯ ವಿದ್ಯುತ್ ಗುಣದಿಂದ. ನೀರಿನ ಹನಿಗೂ ಅಂಥದೇ ಗುಣ ಇದೆ. ಅದಕ್ಕೇ ಒದ್ದೆ ಪರದೆ ತನ್ನಷ್ಟಕ್ಕೆ ತಾನೇ ಏನೇನೋ ತೆರೆಯುವುದು. ಈ ತೊಂದರೆ ಎಲ್ಲಾ ಟ್ಯಾಬಿಗೂ ಇದೆ. ಆದರೆ ನೀರು ಒಳಗೆ ಹೋಗದ ಹಾಗೆ ತಡೆಯುವ ವಿಷಯದಲ್ಲಿ ಕಂಪನಿಗಳ ನಡುವೆ ದೊಡ್ಡ ವ್ಯತ್ಯಾಸ ಇದೆ.

ಸ್ಯಾಮ್‌ಸಂಗ್ ಟ್ಯಾಬ್ ಎಸ್9 ಸಾಲಿಗೆ, ಅದರ ಕಡಿಮೆ ಬೆಲೆಯ ಎಫ್‌ಇ ಮಾಡೆಲಿಗೂ ಸೇರಿ, ಐಪಿ68 ಕೊಟ್ಟಿದೆ. ಅಂದರೆ ಒಂದೂವರೆ ಮೀಟರ್ ಸಿಹಿನೀರಿನಲ್ಲಿ 30 ನಿಮಿಷದವರೆಗೆ ತಡೆಯಬೇಕು. ಐಪ್ಯಾಡಿಗೆ, ಎಷ್ಟೇ ಬೆಲೆಯದ್ದಾದರೂ, ಅಂಥ ಭರವಸೆ ಕಂಪನಿ ಕೊಟ್ಟಿಲ್ಲ. ಟ್ಯಾಬ್ ಎ9 ಪ್ಲಸ್‌ಗೂ ಇಲ್ಲ. ತೋಟದಲ್ಲೇ ಹೆಚ್ಚು ಬಳಸುವವರಿಗೆ ಸ್ಯಾಮ್‌ಸಂಗ್‌ನ ಟ್ಯಾಬ್ ಆ್ಯಕ್ಟಿವ್ ಸಾಲು ಇದೆ. ಕೈಗವಸು ಹಾಕಿ ಮುಟ್ಟಿದರೂ ಕೆಲಸ ಮಾಡುತ್ತದೆ, ಬ್ಯಾಟರಿ ಕಳಚಿ ಬೇರೆ ಹಾಕಬಹುದು. ಆ್ಯಕ್ಟಿವ್ 5 ಥರದ ಮಾಡೆಲಿನ ಪರದೆ 8 ಇಂಚು ಮಾತ್ರ, ಬೆಲೆ ಜಾಸ್ತಿ. ದಿನಾ ಜಮೀನು ಸುತ್ತುವ ಕೆಲಸದವರಿಗೆ ಸರಿ, ಮನೆಗೆ ಬೇಡ.

ಚಾರ್ಜಿಂಗ್ ಜಾಗಕ್ಕೆ ತೇವ ಹೋದರೆ ಕೆಲವು ಸಾಧನಗಳು ನೀರಿನ ಹನಿಯ ಗುರುತು ತೋರಿಸಿ ಚಾರ್ಜ್ ನಿಲ್ಲಿಸುತ್ತವೆ. ಹೆದರಬೇಡಿ, ಅದು ಕಾಪಾಡುತ್ತಿದೆ. ಆ ತುದಿ ಕೆಳಗೆ ಮಾಡಿ ಫ್ಯಾನ್ ಗಾಳಿಗೆ ಇಡಿ. ದಯವಿಟ್ಟು ಬಚ್ಚಲ ಒಲೆ ಪಕ್ಕ ಬಟ್ಟೆ ಒಣಗಿಸಿದ ಹಾಗೆ ಇಡಬೇಡಿ. ಲಿಥಿಯಂ ಬ್ಯಾಟರಿಗೆ ಬಿಸಿ ಒಗ್ಗುವುದಿಲ್ಲ. ಐಪ್ಯಾಡನ್ನು 35 ಡಿಗ್ರಿ ಒಳಗಿನ ಜಾಗದಲ್ಲಿ ಬಳಸಿ ಅಂತ ಆ್ಯಪಲ್ಲೇ ಹೇಳುತ್ತದೆ.

ಹೆಜ್ಜೆ 5: ಎ4 ಹಾಳೆ ಇಟ್ಟು ಪರದೆ ಅಳೆಯಿರಿ

11 ಇಂಚು ಅಂತ ಬರೆದ ಮಾತ್ರಕ್ಕೆ ಎಲ್ಲಾ ಪರದೆಗಳೂ ಒಂದೇ ಅಲ್ಲ. ಆ ಅಳತೆ ಮೂಲೆಯಿಂದ ಮೂಲೆಗೆ. ಉದ್ದ ಜಾಸ್ತಿ ಇದ್ದು ಅಗಲ ಕಡಿಮೆ ಇದ್ದರೂ 11 ಇಂಚು ಬರುತ್ತದೆ.

ಓದುವ ಮಕ್ಕಳಿಗೆ ಬರುವ ಪಿಡಿಎಫ್ ಬಹುತೇಕ ಎ4 ಅಳತೆಯದು. ಎ4 ಹಾಳೆಯ ಅಗಲ ಸುಮಾರು 8.3 ಇಂಚು, ಉದ್ದ ಅದರ 1.41 ಪಟ್ಟು. ಈಗ ಟ್ಯಾಬನ್ನು ನಿಲ್ಲಿಸಿ ಹಿಡಿಯಿರಿ. ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್, ರೆಡ್ಮಿ ಪ್ಯಾಡ್ ಎಸ್‌ಇ ಎರಡರದ್ದೂ 16:10 ಆಕಾರ, ಪರದೆಯ ಅಗಲ 5.8 ಇಂಚು. ಮಾಮೂಲಿ ಐಪ್ಯಾಡಿನ ಅಗಲ 6.2 ಇಂಚು. 11.35 ಇಂಚಿನ ಒನ್‌ಪ್ಲಸ್ ಪ್ಯಾಡ್ ಗೋ 7:5 ಆಕಾರದ್ದು, ಅಗಲ 6.6 ಇಂಚು. ಅಂದರೆ ಹಾಳೆಯ ಅಕ್ಷರ ಮೊದಲಿನವುಗಳಲ್ಲಿ ಮೂಲ ಅಳತೆಯ ನೂರಕ್ಕೆ 70ಕ್ಕೆ ಇಳಿಯುತ್ತದೆ, ಐಪ್ಯಾಡಿನಲ್ಲಿ 75ಕ್ಕೆ, ಪ್ಯಾಡ್ ಗೋದಲ್ಲಿ 80ಕ್ಕೆ. 7:5 ಅಂದರೆ 1.4. ಎ4 ಆಕಾರಕ್ಕೆ ಇಷ್ಟು ಹತ್ತಿರದ ಪರದೆ ಬೇರೆ ಕಡೆ ಕಡಿಮೆ.

ಇಂಗ್ಲಿಷ್ ಅಕ್ಷರವಾದರೆ ಈ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರ ಇದೆ ಅಲ್ವಾ. 'ರಾಷ್ಟ್ರೀಯ' ಅನ್ನುವ ಪದದ ಕೆಳಗಿನ ಒತ್ತುಗಳು ಸಣ್ಣದಾದರೆ ಒಂದಕ್ಕೊಂದು ಕಚ್ಚಿಕೊಂಡು ಚುಕ್ಕೆಯ ಹಾಗೆ ಕಾಣುತ್ತವೆ. ಹಾಗಾಗಿ ಅಂಗಡಿಗೆ ಹೋಗುವಾಗ ಕನ್ನಡದ ಪ್ರಶ್ನೆಪತ್ರಿಕೆಯ ಪಿಡಿಎಫ್ ಒಂದನ್ನು ಪೆನ್‌ಡ್ರೈವ್‌ನಲ್ಲಿ ತಗೊಂಡು ಹೋಗಿ. ಹಿಗ್ಗಿಸದೆ ಓದಲು ಬಂದರೆ ಆ ಪರದೆ ಸರಿ.

ಸಿನಿಮಾ, ಯಕ್ಷಗಾನ ಮಾತ್ರ ನೋಡುವವರಿಗೆ ಇದೇ ಲೆಕ್ಕ ತಿರುಗುಮುರುಗು. ಅವರಿಗೆ 16:10 ಚೆನ್ನ, ಮೇಲೆ ಕೆಳಗೆ ಕಪ್ಪು ಪಟ್ಟಿ ಕಡಿಮೆ.

ಹೆಜ್ಜೆ 6: ಪೆನ್ನಿನ ಬೆಲೆ ಸೇರಿಸಿ ನೋಡಿ

ಎ16 ಐಪ್ಯಾಡ್ ಬಂದಾಗ ಅದರ ಬೆಲೆ 34,900 ರೂಪಾಯಿ, 128 ಜಿಬಿಗೆ. ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲ್‌ಗೆ 7,900. ಒಟ್ಟು 42,800. ಇಷ್ಟು ಕೊಟ್ಟರೂ ಆ ಪೆನ್ಸಿಲ್‌ಗೆ ಒತ್ತಿದಷ್ಟು ದಪ್ಪ ಗೆರೆ ಮೂಡಿಸುವ ಗುಣ ಇಲ್ಲ. ಲೆಕ್ಕ ಬಿಡಿಸಲು, ನೋಟ್ಸ್ ಬರೆಯಲು ಸಾಕು. ಚಿತ್ರ ಬಿಡಿಸುವ ಮಕ್ಕಳಿಗೆ ಸಾಲದು.

ಸ್ಯಾಮ್‌ಸಂಗ್ ಟ್ಯಾಬ್ ಎಸ್ ಸಾಲಿನಲ್ಲಿ, ಎಸ್9 ಎಫ್‌ಇ ಸೇರಿ, ಎಸ್ ಪೆನ್ ಡಬ್ಬಿಯಲ್ಲೇ ಬರುತ್ತದೆ. ಅದಕ್ಕಿಂತ ದೊಡ್ಡ ವಿಷಯ, ಬರೆಯಲು ಎಸ್ ಪೆನ್ನಿಗೆ ಚಾರ್ಜ್ ಬೇಡ. ಪರದೆಯ ಕೆಳಗಿನ ಪದರವೇ ಅದಕ್ಕೆ ಬೇಕಾದ ಶಕ್ತಿ ಕೊಡುತ್ತದೆ. ಆ್ಯಪಲ್, ಶಓಮಿ, ಒನ್‌ಪ್ಲಸ್ ಪೆನ್ನುಗಳಿಗೆಲ್ಲ ಒಳಗೆ ಬ್ಯಾಟರಿ ಇದೆ, ಚಾರ್ಜ್ ಮಾಡಲೇಬೇಕು. ಎರಡು ದಿನ ಕರೆಂಟಿಲ್ಲದ ಮನೆಯಲ್ಲಿ ಟ್ಯಾಬನ್ನು ಹೇಗೋ ಉಳಿಸಿಕೊಂಡು, ಪೆನ್ನು ಸತ್ತಿದೆ ಅಂತ ಮಗು ಸುಮ್ನೆ ಕೂತಿದ್ದನ್ನು ನಾನು ನೋಡಿದ್ದೇನೆ.

ಒಂದು ಮಾತು ಐಪ್ಯಾಡಿನ ಪರವಾಗಿ. ಮಾಮೂಲಿ ಐಪ್ಯಾಡಿನಲ್ಲಿ ಗಾಜಿಗೂ ಅದರ ಕೆಳಗಿನ ಪರದೆಗೂ ನಡುವೆ ಸಣ್ಣ ಗಾಳಿ ಜಾಗ ಇದೆ. ಬರೆಯುವಾಗ ಟಕ್ ಟಕ್ ಅನ್ನುತ್ತದೆ, ಗೆರೆ ಪೆನ್ನಿನ ತುದಿಗಿಂತ ಸ್ವಲ್ಪ ಕೆಳಗೆ ಮೂಡಿದ ಹಾಗೆ ಕಾಣುತ್ತದೆ. ಇದನ್ನು ಎಲ್ಲರೂ ದೋಷ ಅನ್ನುತ್ತಾರೆ. ಆದರೆ ಬಿದ್ದು ಗಾಜು ಒಡೆದರೆ, ಒಳ ಪರದೆ ಉಳಿದಿದ್ದರೆ, ರಿಪೇರಿ ಅಂಗಡಿಯವರು ಗಾಜನ್ನಷ್ಟೇ ಬದಲಾಯಿಸಲು ಸಾಧ್ಯ. ಎರಡೂ ಅಂಟಿಕೊಂಡಿರುವ ಟ್ಯಾಬಿನಲ್ಲಿ ಪೂರ್ತಿ ಹಾಕಬೇಕು. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದು ಉಳಿತಾಯವೇ.

ಹೆಜ್ಜೆ 7: ಕನ್ನಡ ಬರೆದು ನೋಡಿ

ಓದಲು ಎಲ್ಲದರಲ್ಲೂ ಬರುತ್ತದೆ. ಬರೆಯಲು ಆಂಡ್ರಾಯ್ಡ್ ಮುಂದಿದೆ. ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡವನ್ನು ಬೆರಳಿನಿಂದ ಗೀಚಿದರೆ ಅಕ್ಷರ ಆಗುತ್ತದೆ, ಮಾತಾಡಿದರೆ ಟೈಪ್ ಆಗುತ್ತದೆ. ನಮ್ಮ ಅಪ್ಪ ಕೀಲಿಮಣೆ ಕಲಿಯಲೇ ಇಲ್ಲ. "ಇವತ್ತು ರಾಶಿ ಎಷ್ಟು, ಬೆಟ್ಟೆ ಎಷ್ಟು" ಅಂತ ಮೈಕ್ ಒತ್ತಿ ಕೇಳುತ್ತಾರೆ, ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ ಬರುತ್ತದೆ. ಐಪ್ಯಾಡಿನಲ್ಲೂ ಕನ್ನಡ ಕೀಲಿಮಣೆ ಇದೆ, ಟೈಪ್ ಮಾಡಲು ಬರುವವರಿಗೆ ತೊಂದರೆ ಇಲ್ಲ.

ಸೊಸೈಟಿ, ಶಾಲೆ, ಪಂಚಾಯತಿ ಕೆಲಸದವರಿಗೆ ಒಂದು ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ, ಯೂನಿಕೋಡ್ (ಎಲ್ಲಾ ಸಾಧನಕ್ಕೂ ಹೊಂದುವ ಅಕ್ಷರ ಪದ್ಧತಿ) ಬರುವ ಮುಂಚಿನ ರೀತಿಯಲ್ಲಿ ಟೈಪ್ ಮಾಡಿದ ಕಡತಗಳನ್ನು ಯಾವ ಟ್ಯಾಬಿನಲ್ಲಿ ತೆರೆದರೂ ಅರ್ಥವಿಲ್ಲದ ಗುರುತುಗಳ ಸಾಲು ಕಾಣುತ್ತದೆ. ಟ್ಯಾಬ್ ಕೆಟ್ಟಿದೆ ಅಂದುಕೊಳ್ಳಬೇಡಿ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳಿಸಿದರೆ ಸರಿಯಾಗಿ ಕಾಣುತ್ತದೆ. ತಿದ್ದಬೇಕಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಹೆಜ್ಜೆ 8: ಉಳಿದ ಸಂಖ್ಯೆಗಳು

ಇವನ್ನು ಬೇಗ ಮುಗಿಸುತ್ತೇನೆ. ಆಂಡ್ರಾಯ್ಡ್‌ನಲ್ಲಿ ರ್‍ಯಾಮ್ 6 ಜಿಬಿಗಿಂತ ಕಡಿಮೆ ಬೇಡ. ನೆಟ್ ಇಲ್ಲದ ದಿನಕ್ಕೆ ಪಾಠದ ವಿಡಿಯೋ ಇಳಿಸಿಟ್ಟುಕೊಳ್ಳುವವರು ನಾವು, ಹಾಗಾಗಿ ಜಾಗ 128 ಜಿಬಿಯಾದರೂ ಇರಲಿ. ಟ್ಯಾಬ್ ಎ9 ಪ್ಲಸ್, ರೆಡ್ಮಿ ಪ್ಯಾಡ್ ಎಸ್‌ಇ ಎರಡರಲ್ಲೂ ಮೆಮೊರಿ ಕಾರ್ಡ್ ಹಾಕಬಹುದು. ಐಪ್ಯಾಡ್, ಶಓಮಿ ಪ್ಯಾಡ್ 6ರಲ್ಲಿ ಆಗುವುದಿಲ್ಲ. ಒಟಿಟಿ ನೋಡುವವರು ವೈಡ್‌ವೈನ್ (ವಿಡಿಯೋ ನಕಲು ತಡೆಯುವ ಬೀಗ) ಎಲ್1 ಮಟ್ಟದ್ದು ಇದೆಯೇ ಕೇಳಿ, ಎಲ್3 ಆದರೆ ಪರದೆ ಎಷ್ಟೇ ಒಳ್ಳೆಯದಿದ್ದರೂ ಚಿತ್ರ ಮಸುಕು.

ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಅನ್ನುವುದು ಮಾತ್ರ ಸಣ್ಣ ವಿಷಯ ಅಲ್ಲ. ಅಪ್‌ಡೇಟ್ ನಿಂತ ಮೇಲೆ ಒಂದೊಂದೇ ಬ್ಯಾಂಕ್ ಆ್ಯಪ್ ಕೆಲಸ ನಿಲ್ಲಿಸುತ್ತದೆ. ಐಪ್ಯಾಡಿನ ದೊಡ್ಡ ಬಲ ಇಲ್ಲಿದೆ. 2019ರ 7ನೇ ತಲೆಮಾರಿನ ಐಪ್ಯಾಡಿಗೆ 2024ರ ಐಪ್ಯಾಡ್‌ಓಎಸ್ 18 ಕೂಡ ಬಂತು. ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಅಷ್ಟು ವರ್ಷ ನಿರೀಕ್ಷೆ ಮಾಡಬೇಡಿ. ಸ್ಯಾಮ್‌ಸಂಗ್ ತನ್ನ ಎಸ್10 ಸಾಲಿನ ದುಬಾರಿ ಮಾಡೆಲ್‌ಗಳಿಗೆ 7 ವರ್ಷದ ಮಾತು ಕೊಟ್ಟಿದೆ.

ಹಾಗಾದರೆ ಯಾವುದು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಹಳ್ಳಿ ಮನೆಯಲ್ಲಿ ಹಲವರು ಬಳಸುವುದಾದರೆ, ಜಮೀನಿನ ಕೆಲಸವೂ ಇದ್ದರೆ, ಸಿಮ್ ಇರುವ ಸ್ಯಾಮ್‌ಸಂಗ್ ಟ್ಯಾಬ್ ಎ9 ಪ್ಲಸ್ 5ಜಿ ಥರದ್ದು. ಕರೆ, ಒಟಿಪಿ, ಜಿಪಿಎಸ್, ಮೆಮೊರಿ ಕಾರ್ಡ್, ಬೇರೆ ಬೇರೆ ಖಾತೆ ಎಲ್ಲಾ ಇದೆ. ನಿಧಾನದ ಚಾರ್ಜಿಂಗ್ ಒಂದೇ ಬೇಸರ. ಪಿಯುಸಿ, ಡಿಗ್ರಿ ಮಕ್ಕಳಿಗೆ ಬರೆಯುವ ಕೆಲಸ ಹೆಚ್ಚಿದ್ದು ದುಡ್ಡು ಹೊಂದುವುದಾದರೆ ಎಸ್ ಪೆನ್ ಬರುವ ಟ್ಯಾಬ್ ಎಸ್9 ಎಫ್‌ಇ ಥರದ ಮಾಡೆಲ್, ಅದರಲ್ಲಿ ನೀರಿನ ರಕ್ಷಣೆಯೂ ಸೇರಿ ಬರುತ್ತದೆ. ಪಿಡಿಎಫ್ ಓದುವುದೇ ಮುಖ್ಯ, ಬಜೆಟ್ ಕಡಿಮೆ ಅನ್ನುವವರಿಗೆ ಒನ್‌ಪ್ಲಸ್ ಪ್ಯಾಡ್ ಗೋ ಥರದ ಅಗಲ ಪರದೆ. ಅಜ್ಜ ಅಜ್ಜಿ ವಿಡಿಯೋ ನೋಡಲು ರೆಡ್ಮಿ ಸಾಕು, ರಾತ್ರಿ ಮಲಗುವಾಗ ಚಾರ್ಜಿಗೆ ಇಡುವ ರೂಢಿ ಮಾಡಿಸಿ. ಶಿವಮೊಗ್ಗದಲ್ಲೇ ಮನೆ, ಒಬ್ಬರೇ ಬಳಸುವುದು, ಐದಾರು ವರ್ಷ ಬದಲಾಯಿಸುವುದಿಲ್ಲ ಅನ್ನುವವರು ಕಣ್ಣು ಮುಚ್ಚಿ ಐಪ್ಯಾಡ್ ತಗೊಳ್ಳಿ. ಅದು ತಡವರಿಸದೆ ಸಲೀಸಾಗಿ ಓಡುವ ರೀತಿ ಆಂಡ್ರಾಯ್ಡ್‌ನಲ್ಲಿ ಅದೇ ಬೆಲೆಗೆ ಸಿಗುವುದು ಕಷ್ಟ.

ಮಾಡೆಲ್‌ಗಳ ಹೆಸರು ವರ್ಷ ವರ್ಷ ಬದಲಾಗುತ್ತದೆ. ಮುಂದಿನ ವರ್ಷ ಬೇರೆ ಹೆಸರು ಬಂದರೂ ಇದೇ ಎಂಟು ಹೆಜ್ಜೆ ಇಟ್ಟು ನೋಡಿ.

ಅಂಗಡಿಯಲ್ಲಿ, ಮನೆಗೆ ತಂದ ಮೇಲೆ

ನೆಹರೂ ರಸ್ತೆಗೋ ದುರ್ಗಿಗುಡಿಗೋ ಹೋಗುವಾಗ ಬೆಳಿಗ್ಗೆ ಹೋಗಿ, ಸಂಜೆ ಗಲಾಟೆಯಲ್ಲಿ ಯಾರೂ ಟ್ಯಾಬ್ ಕೈಗೆ ಕೊಟ್ಟು ಅರ್ಧ ಗಂಟೆ ಬಿಡುವುದಿಲ್ಲ. ಬಳಸುವವರನ್ನೇ ಕರೆದುಕೊಂಡು ಹೋಗಿ. ಅಮ್ಮನ ಟ್ಯಾಬ್ ಆದರೆ ಅಮ್ಮನೇ ಹಿಡಿದು ನೋಡಲಿ, ಅರ್ಧ ಕಿಲೋ ತೂಕ ಹತ್ತು ನಿಮಿಷದ ಮೇಲೆ ಮಣಿಕಟ್ಟಿಗೆ ಗೊತ್ತಾಗುತ್ತದೆ. ಪೆನ್‌ಡ್ರೈವ್‌ನ ಪಿಡಿಎಫ್ ತೆರೆಯಿರಿ. ಕನ್ನಡದಲ್ಲಿ ಒಂದು ಸಾಲು ಮಾತಾಡಿ ಟೈಪ್ ಮಾಡಿಸಿ. ಸ್ಪೀಕರ್ ಪೂರ್ತಿ ಏರಿಸಿ, ಹಂಚಿನ ಮನೆಯ ಮಳೆ ಸದ್ದಿನ ಮೇಲೆ ಕೇಳಬೇಕು ಅಲ್ವಾ. ಸರ್ವಿಸ್ ಸೆಂಟರ್ ಊರಲ್ಲೇ ಇದೆಯೇ, ಬೆಂಗಳೂರಿಗೆ ಕಳಿಸಬೇಕೇ, ಕಳಿಸಿದರೆ ಎಷ್ಟು ದಿನ ಅಂತ ಕೇಳಿ. ನನಗೆ 2021ರಲ್ಲಿ ಈ ಒಂದು ಪ್ರಶ್ನೆ ಕೇಳುವ ಬುದ್ಧಿ ಬಂದಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಮನೆಗೆ ತಂದ ದಿನವೇ ಬಿಲ್ಲಿನ ಫೋಟೋ ತೆಗೆದು, ಡಬ್ಬಿಯ ಮೇಲಿನ ಸೀರಿಯಲ್ ನಂಬರ್ ಜೊತೆಗೆ ಮನೆಯ ಇಬ್ಬರ ಫೋನಿನಲ್ಲಿ ಇಡಿ. ಈಗಿನ ಬಿಲ್ಲುಗಳು ಶಾಖಕ್ಕೆ ಅಕ್ಷರ ಮೂಡುವ ಕಾಗದದವು. ನಮ್ಮ ಬೀರುವಿನಲ್ಲಿ ಒಂದು ಮಳೆಗಾಲ ಕಳೆದರೆ ಬರೀ ಬಿಳಿ ಚೀಟಿ ಉಳಿಯುತ್ತದೆ, ವಾರಂಟಿ ಕೇಳಲು ಹೋದಾಗ ತೋರಿಸಲು ಏನೂ ಇರುವುದಿಲ್ಲ.